ಚಿಕ್ಕಪ್ಪ, ಆ ರಕ್ತದ ಮೆಸೇಜ್ ಯಾಕೆ ತೆಗೆದೆ ಅಂದರೆ

ಚಿಕ್ಕಪ್ಪ, ನಮಸ್ಕಾರ. ಎಲ್ಲರಿಗೂ ನಮಸ್ಕಾರ. ಟೈಪ್ ಮಾಡಿದರೆ ಮುಗಿಯುವುದಿಲ್ಲ ಅಂತ ವಾಯ್ಸ್ ಮೆಸೇಜ್ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಪೂರ್ತಿ ಕೇಳಿ. ದೊಡ್ಡಮ್ಮನಿಗೆ ಕೇಳುವ ಹಾಗೆ ಯಾರಾದರೂ ಫೋನ್ ಹತ್ತಿರ ಹಿಡಿಯಿರಿ.

ನಿನ್ನೆ ರಾತ್ರಿ ಬೇಗ ಮಲಗಿದವರಿಗೆ ಏನಾಯಿತು ಅಂತ ಮೊದಲು ಹೇಳಿಬಿಡುತ್ತೇನೆ. ಹತ್ತು ಗಂಟೆ ಹೊತ್ತಿಗೆ ಚಿಕ್ಕಪ್ಪ ನಮ್ಮ ಈ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಹಾಕಿದ್ದರು. ನಾಲ್ಕು ವರ್ಷದ ಮಗು, ಬೆಂಗಳೂರಿನಲ್ಲಿ ಹೃದಯದ ಆಪರೇಷನ್, ಓ ನೆಗೆಟಿವ್ ರಕ್ತ ತುರ್ತಾಗಿ ಬೇಕು, ಎಲ್ಲ ಗ್ರೂಪಿಗೂ ಕಳಿಸಿ ಅಂತ. ಕೆಳಗೆ ಒಂದು ಮೊಬೈಲ್ ನಂಬರ್. ಹತ್ತೂವರೆಗೆ ನಾನು ಅದನ್ನು ಅಳಿಸಿದೆ. ಇವತ್ತು ಬೆಳಿಗ್ಗೆ ಚಿಕ್ಕಪ್ಪ ಕೇಳಿದ್ದಾರೆ, "ಒಳ್ಳೆಯದಕ್ಕೆ ಹಾಕಿದ್ದನ್ನೂ ತೆಗೆಯುವುದಾದರೆ ನಾನು ಇಲ್ಲಿ ಯಾಕಿರಬೇಕು? ಮನೆಯವರ ಮಧ್ಯೆಯೂ ಪೊಲೀಸ್ ಬೇಕಾ?" ಅಂತ.

ನಿಮಗೆ ಕೋಪ ಬಂದದ್ದು ಸರಿ ಚಿಕ್ಕಪ್ಪ. ಅಳಿಸುವ ಮುಂಚೆ ನಿಮಗೆ ಒಂದು ಫೋನ್ ಮಾಡಬೇಕಿತ್ತು. ಮಲಗಿರುತ್ತೀರಿ ಅಂತ ಸುಮ್ಮನಾದೆ. ಅಡ್ಮಿನ್ ಅಳಿಸಿದ್ದಾರೆ ಅನ್ನುವ ಒಂದು ಸಾಲು ಅಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಹಿರಿಯರೊಬ್ಬರ ಮಾತನ್ನು ಜಗಲಿಯಲ್ಲಿ ಎಲ್ಲರೆದುರು ಅರ್ಧಕ್ಕೇ ತಡೆದ ಹಾಗಾಯಿತು. ಅದು ನನ್ನ ತಪ್ಪು, ಕ್ಷಮಿಸಿ. ಆದರೆ ಅಳಿಸಿದ್ದು ತಪ್ಪಲ್ಲ. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಮೆಸೇಜ್ ನೋಡಿದ ಕೂಡಲೇ ನಾನು ಆ ನಂಬರಿಗೆ ಫೋನ್ ಮಾಡಿದೆ. ನಮ್ಮ ಮನೆಯವರದು ಓ ನೆಗೆಟಿವ್ ಅಲ್ವಾ, ಬೇಕಾದರೆ ಬೆಳಿಗ್ಗೆಯೇ ಹೊರಡೋಣ ಅಂತ ಇಬ್ಬರೂ ಮಾತಾಡಿಕೊಂಡಿದ್ದೆವು. ಎರಡೇ ರಿಂಗಿಗೆ ಒಬ್ಬರು ಎತ್ತಿದರು. ನಾನು ಹಲೋ ಅನ್ನುವ ಮೊದಲೇ, "ರಕ್ತದ ವಿಷಯಕ್ಕಾ ಮೇಡಂ?" ಅಂದರು. ಹೌದು ಅಂದೆ. "ಅಗತ್ಯ ಮುಗಿದಿದೆ. ಫೋನ್ ಮಾಡಿದ್ದಕ್ಕೆ ದೇವರು ನಿಮಗೆ ಒಳ್ಳೆಯದು ಮಾಡಲಿ" ಅಂದರು. ದಿನಾ ಹೇಳಿ ಹೇಳಿ ಬಾಯಿಪಾಠ ಆಗಿದೆ ಅಂತ ಆ ದನಿಯಲ್ಲೇ ಗೊತ್ತಾಗುತ್ತಿತ್ತು.

ಮನಸ್ಸು ತಡೆಯಲಿಲ್ಲ. ಮಗು ಹೇಗಿದೆ ಅಂತ ಕೇಳಿದೆ. ಆಗ ಅವರ ದನಿ ಬದಲಾಯಿತು. ಮಗಳು ಈಗ ಎರಡನೇ ಕ್ಲಾಸಂತೆ. ಆಪರೇಷನ್ ಆಗಿ ಮೂರು ವರ್ಷ ದಾಟಿದೆ. ಚೆನ್ನಾಗಿದ್ದಾಳೆ, ಸೈಕಲ್ ಹೊಡೆಯುತ್ತಾಳೆ. ಆದರೆ ಅಪ್ಪನ ಫೋನ್ ಮಾತ್ರ ನಿಂತಿಲ್ಲ. ಎರಡು ತಿಂಗಳು ತಣ್ಣಗಿರುತ್ತದಂತೆ, ಆಮೇಲೆ ಯಾವುದೋ ಊರಿನಲ್ಲಿ ಯಾರೋ ಮತ್ತೆ ಫಾರ್ವರ್ಡ್ ಮಾಡುತ್ತಾರೆ, ಅವತ್ತಿಂದ ವಾರವಿಡೀ ಹಗಲು ರಾತ್ರಿ ಫೋನು. ಸಣ್ಣದೊಂದು ಎಲೆಕ್ಟ್ರಿಕಲ್ ಅಂಗಡಿ ಅವರದು. ಬೋರ್ಡಿನ ಮೇಲೆ ಅದೇ ನಂಬರ್, ಬ್ಯಾಂಕಿಗೂ ಅದೇ. ಬದಲಾಯಿಸುವುದಕ್ಕೆ ಆಗುವುದಿಲ್ಲ. ಒಮ್ಮೆ ತುಮಕೂರಿನಿಂದ ಒಬ್ಬ ಹುಡುಗ ಫೋನೂ ಮಾಡದೆ, ಒಂದು ದಿನದ ಕೂಲಿ ಬಿಟ್ಟು, ಬಸ್ಸಿನಲ್ಲಿ ನೇರ ಆಸ್ಪತ್ರೆಗೆ ಹೋಗಿದ್ದನಂತೆ. ಅಲ್ಲಿ ಅಂಥ ಮಗುವೇ ಇಲ್ಲ ಅಂದರು. ಅಲ್ಲಿಂದಲೇ ಇವರಿಗೆ ಫೋನ್ ಮಾಡಿದ. ಅದನ್ನು ಹೇಳುವಾಗ ಅವರಿಗೆ ಗಂಟಲು ಕಟ್ಟಿತು. "ನಾನೇ ಮೋಸ ಮಾಡಿದ ಹಾಗೆ ಅನ್ನಿಸಿತು ಮೇಡಂ" ಅಂದರು.

ಚಿಕ್ಕಪ್ಪ, ಆ ಮೆಸೇಜಿನಲ್ಲಿ ಒಂದೂ ಸುಳ್ಳಿರಲಿಲ್ಲ. ಮಗು ನಿಜ, ನಂಬರ್ ನಿಜ. ಇಲ್ಲದ್ದು ತಾರೀಖು ಒಂದೇ. "ಇವತ್ತು", "ತುರ್ತು", "ಈಗಲೇ" ಅಂತ ಇತ್ತು. ಯಾವ ಇವತ್ತು ಅಂತ ಇರಲಿಲ್ಲ. ಡೆಂಗ್ಯೂ ಬಂದವರಿಗೆ ಕೊಡುವ ಪ್ಲೇಟ್‌ಲೆಟ್ಟನ್ನು ಬ್ಲಡ್ ಬ್ಯಾಂಕಿನಲ್ಲಿ 5 ದಿನ ಇಡಬಹುದು, ಅಷ್ಟೇ. ಕೆಂಪು ರಕ್ತಕಣಗಳನ್ನೇ 35ರಿಂದ 42 ದಿನಕ್ಕಿಂತ ಜಾಸ್ತಿ ಇಡುವುದಿಲ್ಲ. ಒಮ್ಮೆ ಕೊಟ್ಟ ಗಂಡಸರು ಮತ್ತೆ ಕೊಡಲು 3 ತಿಂಗಳು ಕಾಯಬೇಕು, ಹೆಂಗಸರು 4 ತಿಂಗಳು. ಹಾಗಿರುವಾಗ ಮೂರು ವರ್ಷ ಹಳೆಯ ಕರೆಗೆ ಓ ನೆಗೆಟಿವ್ ಇರುವ ಒಬ್ಬರು ಓಡಿಹೋದರೆ, ಅದೇ ದಿನ ನಿಜವಾಗಿ ಬೇಕಾದವರಿಗೆ ಅವರು ಸಿಗದೇ ಹೋಗಬಹುದು. ಎರಡು ಸಲ ಹೀಗೆ ಓಡಿದವರು ಮೂರನೇ ಸಲ ಓದುವುದನ್ನೇ ಬಿಡುತ್ತಾರೆ. ನನಗೆ ಭಯ ಇರುವುದು ಅದರ ಬಗ್ಗೆ.

ನಮ್ಮ ಅತ್ತೆಗೆ ಡೆಂಗ್ಯೂ ಆದಾಗ ಏನು ಮಾಡಿದೆವು, ನೆನಪಿದೆಯಾ? ಆ ಮೆಸೇಜ್ ಬರೆದವರು ನೀವೇ ಚಿಕ್ಕಪ್ಪ. ರೋಗಿಯ ಹೆಸರು, ಆಸ್ಪತ್ರೆ, ವಾರ್ಡ್, ಜೊತೆಗಿದ್ದ ಭಾವನ ನಂಬರ್, ತಾರೀಖು, "ಸಂಜೆ 6ರ ಒಳಗೆ" ಅನ್ನುವುದು, ಎಲ್ಲ ಇತ್ತು. ನಾಲ್ಕು ಗಂಟೆಯೊಳಗೆ ಮೂರು ಜನ ಬಂದರು. ಅದರಲ್ಲಿ ಒಬ್ಬರ ಪರಿಚಯ ನಮಗೆ ಇವತ್ತಿಗೂ ಇಲ್ಲ. ರಾತ್ರಿ ಎಂಟಕ್ಕೆ ನೀವೇ ಹಾಕಿದಿರಿ, "ಸಿಕ್ಕಿದೆ, ಇನ್ನು ಯಾರೂ ಕಳಿಸಬೇಡಿ, ಕಳಿಸಿದವರು ಅಳಿಸಿ" ಅಂತ. ಭಾವನಿಗೆ ಮಾರನೇ ದಿನ ಒಂದೂ ಫೋನ್ ಬರಲಿಲ್ಲ. ನಾನು ಕೇಳುತ್ತಿರುವುದು ಇಷ್ಟೇ, ಎಲ್ಲರೂ ನೀವು ಅವತ್ತು ಬರೆದ ಹಾಗೆ ಬರೆಯಲಿ. ತಾರೀಖು ಇಲ್ಲದ್ದು ಬಂದರೆ ಮೊದಲು ಆ ನಂಬರಿಗೆ ಒಂದು ಫೋನ್ ಮಾಡಿ. ಮಾಡಲು ಆಗದಿದ್ದರೆ ನನಗೆ ಕಳಿಸಿ, ನಾನು ಮಾಡುತ್ತೇನೆ. ನಡುರಾತ್ರಿಯಾದರೂ ಪರವಾಗಿಲ್ಲ.

ಪೊಲೀಸ್ ಅಂದಿರಲ್ಲ, ಅದಕ್ಕೊಂದು ಮಾತು. ಅಡ್ಮಿನ್ ಆದವರನ್ನು ಹಿಡಿದುಕೊಂಡು ಹೋಗುತ್ತಾರೆ, ಅದಕ್ಕೇ ಇವಳು ಹೆದರಿ ಅಳಿಸುತ್ತಾಳೆ ಅಂತ ಭಾವ ಮೊನ್ನೆ ಹೇಳಿದರು. ಹಾಗಲ್ಲ ಭಾವ. ಬೇರೆಯವರು ಹಾಕಿದ್ದಕ್ಕೆ, ಬರೀ ಅಡ್ಮಿನ್ ಅನ್ನುವ ಕಾರಣಕ್ಕೆ ಅಡ್ಮಿನ್ ಹೊಣೆ ಅಲ್ಲ ಅಂತ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಹೇಳಿದೆ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ನನಗೆ ಕೋರ್ಟಿನ ಹೆದರಿಕೆ ಇಲ್ಲ. ನನ್ನ ಹೆದರಿಕೆ ಬೇರೆ.

2012ರ ಆಗಸ್ಟ್‌ನಲ್ಲಿ ನಾನು ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದೆ. ಪಕ್ಕದ ರೂಮಿನಲ್ಲಿ ಅಸ್ಸಾಮಿನ ಇಬ್ಬರು ಹುಡುಗಿಯರು. ಈಶಾನ್ಯದವರ ಮೇಲೆ ದಾಳಿ ಆಗುತ್ತದೆ ಅಂತ ಎಸ್ಸೆಮ್ಮೆಸ್ ಹರಿದಾಡಿತು. ಸಂಜೆ ಅಕ್ಕಿ ತೊಳೆದು ಒಲೆ ಮೇಲೆ ಇಟ್ಟವರು, ಅನ್ನ ಆಗುವ ಮೊದಲೇ ಬ್ಯಾಗ್ ಕಟ್ಟಿ ಸ್ಟೇಷನ್ನಿಗೆ ಹೊರಟರು. ಒಲೆ ಆರಿಸಿದ್ದು ನಾನು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು, ಅಷ್ಟು ಸಾವಿರ ಜನ ಹೊರಟಿದ್ದರು. ದಿನಕ್ಕೆ 5ಕ್ಕಿಂತ ಜಾಸ್ತಿ ಎಸ್ಸೆಮ್ಮೆಸ್ ಕಳಿಸುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ಸ್ವಲ್ಪ ದಿನ ತಡೆಯನ್ನೂ ಹಾಕಿತು. ಆ ಎಸ್ಸೆಮ್ಮೆಸನ್ನು ಅವರಿಗೆ ಕಳಿಸಿದ್ದು ಶತ್ರು ಅಲ್ಲ. ಅವರದೇ ಅಣ್ಣ, ಅವರದೇ ಗೆಳತಿ. ಕಾಳಜಿಯಿಂದ ಕಳಿಸಿದ್ದು.

ಆರು ವರ್ಷದ ಮೇಲೆ, 2018ರಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಿಡಿಯೊ ನಮ್ಮ ಗ್ರೂಪಿಗೂ ಬಂದಿತ್ತು. ಬೈಕಿನವರು ಮಗುವನ್ನು ಎತ್ತಿಕೊಂಡು ಹೋಗುವುದು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ್ದ ಜಾಹೀರಾತು. ಮಗುವನ್ನು ವಾಪಸ್ ತಂದುಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಇದೇ ಅನುಮಾನಕ್ಕೆ, ದುಡಿಯಲು ಬಂದಿದ್ದ ಒಬ್ಬ ಹುಡುಗನನ್ನು ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ಗೆಳೆಯರ ಮೇಲೆ ಊರೇ ಬಿತ್ತು. ಅವರ ಕಾರು ಮುರ್ಕಿ ಮುಟ್ಟುವ ಮೊದಲೇ ಅವರ ವಿಡಿಯೊ ಅಲ್ಲಿಗೆ ಮುಟ್ಟಿತ್ತು. ಅವರಲ್ಲೊಬ್ಬರು, ಒಬ್ಬ ಎಂಜಿನಿಯರ್, ತೀರಿಕೊಂಡರು. ಒಂದು ಮೆಸೇಜನ್ನು ಒಟ್ಟಿಗೆ 5 ಕಡೆಗೆ ಮಾತ್ರ ಕಳಿಸಬಹುದು ಅಂತ ನಮ್ಮ ದೇಶದಲ್ಲಿ ಮಿತಿ ಹಾಕುತ್ತೇವೆ ಅಂತ ವಾಟ್ಸಾಪ್ ಹೇಳಿದ್ದು ಅದೇ ತಿಂಗಳು.

ರಕ್ತದ ಮೆಸೇಜಿಗೂ ಇದಕ್ಕೂ ಹೋಲಿಸುತ್ತಿಲ್ಲ ಚಿಕ್ಕಪ್ಪ. ಆದರೆ ಕೈಯಿಂದ ಕೈಗೆ ದಾಟುವುದು ಒಂದೇ ರೀತಿ, ಕಾಳಜಿಯಿಂದ. ಅದಕ್ಕೇ ನಿಲ್ಲಿಸುವುದು ಕಷ್ಟ. ಮೆಸೇಜಿನ ಮೇಲೆ ಜೋಡಿ ಬಾಣದ ಗುರುತು ಕಂಡರೆ, ಅದು ಐದು ಕೈಯಾದರೂ ದಾಟಿ ಬಂದಿದೆ ಅಂತ ಅರ್ಥ. ಅಂಥದ್ದನ್ನು 2020ರಿಂದ ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಲು ಆಗುತ್ತದೆ. ನಿನ್ನೆಯದರ ಮೇಲೂ ಆ ಬಾಣ ಇತ್ತು. ಅದು ಕಂಡರೆ ಸುಳ್ಳು ಅಂತಲ್ಲ. ಬರೆದವರು ಯಾರು ಅಂತ ನಮಗೆ ಕಳಿಸಿದವರಿಗೂ ಗೊತ್ತಿರುವುದಿಲ್ಲ, ಅಷ್ಟೇ.

ಇನ್ನೊಂದು. ಹುಡುಗರು ಇಬ್ಬರು ನನಗೆ ಬೇರೆಯಾಗಿ ಬರೆದಿದ್ದಾರೆ, ಗುಡ್ ಮಾರ್ನಿಂಗ್ ಹೂವುಗಳನ್ನೂ ನಿಲ್ಲಿಸಿ ಅಂತ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಅಜ್ಜಿಯ ವರ್ಷದ ಕಾರ್ಯದ ದಿನ ಬದಲಾದ ಮೆಸೇಜ್ ಹಬ್ಬದ ಶುಭಾಶಯಗಳ ಕೆಳಗೆ ಹೂತುಹೋಗಿ, ಮೈಸೂರಿನವರು ಒಂದು ದಿನ ತಡವಾಗಿ ಬಂದರು. ಬಾಗಿಲಲ್ಲಿ ನಿಂತಿದ್ದ ಅವರ ಮುಖ ನಾನು ಮರೆತಿಲ್ಲ. ಆದರೂ ದೊಡ್ಡಮ್ಮನ ಗುಲಾಬಿ ಹೂವನ್ನು ನಾನು ನಿಲ್ಲಿಸುವುದಿಲ್ಲ. ಒಬ್ಬರೇ ಇರುವವರು. ಬೆಳಿಗ್ಗೆ ಆರೂವರೆಗೆ ಆ ಹೂವು ಬಂದರೆ ಎದ್ದಿದ್ದಾರೆ, ಕಾಫಿ ಕುಡಿದಿದ್ದಾರೆ ಅಂತ ಲೆಕ್ಕ. ಕಳೆದ ತಿಂಗಳು ಏಳೂವರೆಯಾದರೂ ಹೂವು ಬರಲಿಲ್ಲ ಅಂತ ನಾನು ಫೋನ್ ಮಾಡಿದ್ದಕ್ಕೇ ಅವರಿಗೆ ಜ್ವರ ಬಂದದ್ದು ಗೊತ್ತಾಯಿತು. ಹಾಗಾಗಿ ಹೂವು ಬರಲಿ. ಮುಖ್ಯವಾದದ್ದನ್ನು ನಾನು ಪಿನ್ ಮಾಡುತ್ತೇನೆ, 30 ದಿನದವರೆಗೂ ಮೇಲೆಯೇ ನಿಲ್ಲುತ್ತದೆ. ಅಮೆರಿಕದಲ್ಲಿರುವವರು ರಾತ್ರಿ ಮ್ಯೂಟ್ ಹಾಕಿ ಮಲಗಿ.

ಆಸ್ಪತ್ರೆಯಲ್ಲಿ ಮಲಗಿದವರ ಫೋಟೊ ಮಾತ್ರ ದಯವಿಟ್ಟು ಯಾರೂ ಹಾಕಬೇಡಿ. ಮೂಗಿಗೆ ನಳಿಕೆ ಹಾಕಿಕೊಂಡಿರುವ ತಮ್ಮ ಮುಖವನ್ನು ಅರವತ್ತು ಜನ ನೋಡಲಿ ಅಂತ ಅವರು ಹೇಳಿರುವುದಿಲ್ಲ. ಅದನ್ನು ಕೇಳದೆಯೇ ತೆಗೆಯುತ್ತೇನೆ.

ಮಿಕ್ಕದ್ದಕ್ಕೆಲ್ಲ ಇನ್ನು ಮೇಲೆ ಮೊದಲು ಫೋನ್, ಆಮೇಲೆ ಅಳಿಸುವುದು. ನನ್ನ ಮಾತು ಇದು. ನಿಮ್ಮಲ್ಲೂ ಒಂದು ಕೋರಿಕೆ. ಯಾರಾದರೂ ತಪ್ಪು ಹಾಕಿದರೆ ಇಲ್ಲಿ ಎಲ್ಲರೆದುರು "ಇದು ಫೇಕ್" ಅಂತ ಮುಖಕ್ಕೆ ಹೊಡೆದ ಹಾಗೆ ಬರೆಯಬೇಡಿ. ಅವರಿಗೇ ಹೇಳಿ. ಅವರೇ ತೆಗೆದರೆ ಅವರ ಮಾನವೂ ಉಳಿಯುತ್ತದೆ.

ಚಿಕ್ಕಪ್ಪ, ನೀವು ಆ ಮೆಸೇಜನ್ನು ಇನ್ನೂ ಮೂರು ಗ್ರೂಪಿಗೆ ಕಳಿಸಿದ್ದೀರಿ ಅಂತ ಚಿಕ್ಕಮ್ಮ ಹೇಳಿದರು. ಬ್ಯಾಂಕಿನ ಹಳೆಯ ಗೆಳೆಯರದು, ವಾಕಿಂಗಿನವರದು, ಇನ್ನೊಂದು ದೇವಸ್ಥಾನದ ಸಮಿತಿಯದು. ಅಲ್ಲೆಲ್ಲ ಇವತ್ತೇ ಒಂದು ಸಾಲು ಹಾಕಿಬಿಡಿ: "ಆ ಮಗುವಿಗೆ ರಕ್ತ ಸಿಕ್ಕಿ ಮೂರು ವರ್ಷ ಆಯಿತು. ಈಗ ಎರಡನೇ ಕ್ಲಾಸು, ಚೆನ್ನಾಗಿದ್ದಾಳೆ. ಇನ್ನು ಫೋನ್ ಮಾಡಬೇಡಿ." ನಿಮಗೆ ಅದನ್ನು ಕಳಿಸಿದವರಿಗೂ ಇದನ್ನೇ ಕಳಿಸಿ, ಅವರಿಗೆ ಕಳಿಸಿದವರಿಗೆ ಕಳಿಸಲು ಹೇಳಿ. ನೀವು ಹೇಳಿದರೆ ಜನ ಕೇಳುತ್ತಾರೆ. ಹೀಗೆ ಮಾಡಿಸುತ್ತೇನೆ ಅಂತ ನಾನು ಆ ಅಂಗಡಿಯವರಿಗೆ ಮಾತು ಕೊಟ್ಟಿದ್ದೇನೆ.

ರಾತ್ರಿ ಎಂಟರ ಮೇಲೆ ಫೋನ್ ಮಾಡುತ್ತೇನೆ, ಎತ್ತಿ.