ಪದಚರ್ಚೆ: ವಯಸ್ಸು, ಪ್ರಾಯ, ಮತ್ತೆ ಇಪ್ಪತ್ತರಲ್ಲೇ ನಿಂತ ಒಬ್ಳು ಅಕ್ಕ

ಎಲ್ರಿಗೂ ನಮಸ್ಕಾರ. ನಾನು ಸಾಗರದ ಕಡೆಯವಳು. ಇಷ್ಟು ದಿನ ಇಲ್ಲಿ ಬರೀ ಓದ್ತಾ ಇದ್ದೆ, ಈಗ ಒಂದು ಪದಕ್ಕೆ ಸಿಕ್ಕಿಹಾಕ್ಕೊಂಡು ಬರೀತಾ ಇದೀನಿ. ಒಂದೇ ಪದ ಅಂದ್ಕೊಂಡು ಶುರು ಮಾಡಿದ್ದು, ಉದ್ದ ಆಗಿದೆ, ಬೈಬೇಡಿ.

ಒಂದು ಫ್ಯಾಂಟಸಿ ಕಾದಂಬರಿ ಬರೀತಾ ಇದೀನಿ. ಅದ್ರಲ್ಲಿ ಒಬ್ಳು ಇದಾಳೆ, 1763ರಲ್ಲಿ ಹೈದರಾಲಿ ಬಿದನೂರು, ಅಂದ್ರೆ ಈಗಿನ ನಗರ, ಹಿಡಿದಾಗ ಕಾಡಿಗೆ ಓಡಿಹೋದವಳು. ಆವಾಗ ಅವಳಿಗೆ ಇಪ್ಪತ್ತು. ಕಾಡಲ್ಲಿ ಏನೋ ಆಗತ್ತೆ (ಏನು ಅಂತ ಇಲ್ಲೇ ಹೇಳಿದ್ರೆ ಪುಸ್ತಕ ಯಾರು ತಗೋತಾರೆ), ಅಲ್ಲಿಂದ ಇಪ್ಪತ್ತರಲ್ಲೇ ನಿಂತಿದಾಳೆ. ಲೆಕ್ಕ ಹಾಕಿದ್ರೆ ಈಗ ಹೆಚ್ಚುಕಮ್ಮಿ 280. ಲಿಂಗನಮಕ್ಕಿ ಡ್ಯಾಮು ಮುಗಿದು, 1964ರಲ್ಲಿ, ನೀರು ಏರ್ತಾ ಇರುವಾಗ ಸಾಮಾನು ಹೇರ್ಕೊಂಡು ಊರು ಬಿಟ್ಟ ಒಂದು ಸಂಸಾರದ ಒಂಬತ್ತು ವರ್ಷದ ಹುಡುಗ ದಾರಿ ತಪ್ತಾನೆ, ಇವಳು ಕೈಹಿಡ್ಕೊಂಡು ಹೋಗಿ ತಲುಪಿಸ್ತಾಳೆ. ಅವ್ನು 'ಅಕ್ಕ' ಅಂತಾನೆ, ಇವಳು 'ಅಪ್ಪಿ' ಅಂತಾಳೆ. ಹನ್ನೊಂದು ವರ್ಷ ಕಳೆದ್ರೆ ಇಬ್ರೂ ಒಂದೇ ವಾರಿಗೆಯವರ ಥರ ಕಾಣ್ತಾರೆ. ಈಗ ಅವ್ನು ಎಪ್ಪತ್ತರ ಹತ್ರ, ಬಸ್‌ಸ್ಟ್ಯಾಂಡಲ್ಲಿ ಜೊತೆಗೆ ನಿಂತ್ರೆ ಜನ 'ಮೊಮ್ಮಗಳಾ?' ಅಂತ ಕೇಳ್ತಾರೆ.

ಈಗ ಪದಕ್ಕೆ ಬರ್ತೀನಿ. ಇವಳಿಗೆ ಎರಡು ಲೆಕ್ಕ ಇದೆಯಲ್ಲ, ಒಂದು ಬದುಕಿದ್ದು, ಇನ್ನೊಂದು ಮೈಮೇಲೆ ಕಾಣೋದು. ನಾನು ಜಾಣೆ ಥರ ಮೊದಲನೇದಕ್ಕೆ 'ವಯಸ್ಸು', ಎರಡನೇದಕ್ಕೆ 'ಪ್ರಾಯ' ಅಂತ ಹಂಚ್ಕೊಂಡೆ. ವಯಸ್ಸು 280, ಪ್ರಾಯ 20. ಬರೆದು ನೋಡಿದ್ರೆ ಚೆಂದ ಇತ್ತು. ಆದ್ರೆ ಜನ ಮಾತಾಡೋ ಕನ್ನಡ ಈ ಬೇಲಿ ಒಪ್ಪಲ್ಲ. 'ಪ್ರಾಯದ ಹುಡುಗ' ಅಂದ್ರೆ ಎಳೆಯ, 'ಪ್ರಾಯ ಆಯ್ತು ಮಾರಾಯ್ರೆ' ಅಂದ್ರೆ ಮುದುಕ. 'ವಯಸ್ಸಿಗೆ ಬಂದ ಹುಡುಗಿ' ಒಂದು, 'ವಯಸ್ಸಾದ ಹೆಂಗಸು' ಇನ್ನೊಂದು. ಎರಡೂ ಪದ ಒಂದೇ ಆಟ ಆಡ್ತವೆ, 'ಆದ' ಅನ್ನೋ ಎರಡಕ್ಷರ ಬಂದು ಕೂತ್ರೆ ಸಾಕು, ಒಂದೇ ಸಲಕ್ಕೆ ಐವತ್ತು ವರ್ಷ ಹಾರಿಹೋಗತ್ತೆ. ಪ್ರಾಯದ ಕಥೆ ಇನ್ನೂ ಮಜಾ ಇದೆ, ಪ್ರಾಯೋಪವೇಶ ಅಂದ್ರೆ ಅನ್ನ ನೀರು ಬಿಟ್ಟು ಸಾಯಕ್ಕೆ ಕೂರೋದು, ಅಲ್ಲಿ ಪ್ರಾಯ ಅಂದ್ರೆ ಹೊರಟುಹೋಗೋದು, ನಮ್ಮ ಬಾಯಲ್ಲಿ ಅದೇ ಪದ ಹರೆಯ ಆಗಿ ಕೂತಿದೆ.

ಬೇರೆ ಪದಗಳನ್ನೂ ನೋಡಿದೆ. 'ಚಿರಂಜೀವಿ' ಆಗಲ್ಲ, ನಮ್ಮಲ್ಲಿ ಲಗ್ನಪತ್ರಿಕೆಯಲ್ಲಿ ಹೆಸರು ಬಂದ ಪ್ರತಿ ಮದುಮಗನೂ ಚಿರಂಜೀವಿನೇ. ಅಲ್ದೆ ಅದು ಸಾಯದೇ ಇರೋದನ್ನ ಹೇಳತ್ತೆ, ಮುದುಕಿ ಆಗದೇ ಇರೋದನ್ನ ಹೇಳಲ್ಲ, ಅಶ್ವತ್ಥಾಮನೂ ಚಿರಂಜೀವಿನೇ, ಅವನ ಪಾಡು ಗೊತ್ತಲ್ಲ. 'ಚಿರಯೌವನೆ' ಅಂದ್ರೆ ಮುಖಕ್ಕೆ ಹಚ್ಚೋ ಕ್ರೀಮಿನ ಜಾಹೀರಾತು. 'ಅಜರ' ಅರ್ಥಕ್ಕೆ ಸರಿ, ಆದ್ರೆ ಹಾಗೆ ಯಾರು ಮಾತಾಡ್ತಾರೆ ಹೇಳಿ. ಬಸವಣ್ಣನ ವಚನದಲ್ಲಿ 'ನರೆ ಕೆನ್ನೆಗೆ ತೆರೆ ಗಲ್ಲಕೆ' ಅಂತ ಬರತ್ತಲ್ಲ, ನರೆ ಅಂದ್ರೆ ಬಿಳಿಕೂದ್ಲು, ತೆರೆ ಅಂದ್ರೆ ಸುಕ್ಕು, ಅಲ್ಲಿಂದ 'ನರೆಯದವಳು' ಅಂತ ಒಂದು ಮಾಡ್ಕೊಂಡಿದೀನಿ. ಸದ್ಯಕ್ಕೆ ನನಗೆ ಇದೇ ಇಷ್ಟ.

ಇನ್ನೊಂದು ಪದ ಅಡಿಕೆ ಚಪ್ಪರದಲ್ಲಿ ಸಿಕ್ತು. ಡಿಸೆಂಬರಲ್ಲಿ ರಾತ್ರಿ ಅಡಿಕೆ ಸುಲೀತಾ ಕೂತಿದ್ವಿ, ನಿದ್ದೆ ಬರಬಾರ್ದು ಅಂತ ನಾನು ಈ ಕಥೆ ಹೇಳ್ತಾ ಇದ್ದೆ. ಸುಲಿಯಕ್ಕೆ ಬಂದಿದ್ದ ಒಬ್ರು ಅಮ್ಮ ಮೆಟ್ಟುಗತ್ತಿಯಿಂದ ಕೈ ತೆಗೀದೇನೆ 'ಅವ್ಳು ಬಲೀದೇ ಉಳ್ದವ್ಳು ಅನ್ನಿ' ಅಂದ್ರು. ಅಡಿಕೆಯಲ್ಲಿ ದಿನ ಎಣಿಸೋದಿಲ್ಲವಲ್ಲ, ಎಳೆಯದು ಹಸ, ಸ್ವಲ್ಪ ಬಲಿತ್ರೆ ಬೆಟ್ಟೆ, ಬಲಿತು ಹದ ಮೀರಿದ್ರೆ ಗೊರಬಲು, ಹೆಸರಲ್ಲೇ ಪ್ರಾಯ ಇದೆ. ಪದ ನನಗೆ ಹಿಡಿಸ್ತು, ಆದ್ರೆ 'ಬಲಿಯದವಳು' ಅಂದ್ರೆ ಬುದ್ಧಿ ಬಲಿಯದವಳು ಅಂತ್ಲೂ ಕೇಳ್ಸತ್ತೆ. ಇವಳದ್ದು ಮೈ ಮಾತ್ರ ನಿಂತಿದ್ದು, ಒಳಗೆ 280 ಮಳೆಗಾಲ ಇದೆ. ಇಲ್ಲಿ ನನ್ನದೊಂದು ದೂರು: ಈ ಥರದ ಕಥೆಗಳಲ್ಲಿ ಮುನ್ನೂರು ವರ್ಷ ಬದುಕಿದವರು ಪಿಯುಸಿ ಹುಡುಗ್ರ ಥರ ಮುನಿಸ್ಕೊಂಡು ಕೂತಿರ್ತಾರೆ, ಹಾಗಾದ್ರೆ ಆ ಮುನ್ನೂರು ಬರೀ ಅಂಕಿ ಅಷ್ಟೆ. 'ಲಾರ್ಡ್ ಆಫ್ ದ ರಿಂಗ್ಸ್' ಬರೆದ ಟೋಲ್ಕಿನ್ ಇದನ್ನ ಬೇರೆ ಥರ ಮಾಡಿದಾರೆ, ಅವರ ಕಥೆಯ ಹಾಬಿಟ್‌ಗಳು ಅನ್ನೋ ಕುಳ್ಳ ಜನ ದೊಡ್ಡವರಾಗೋದೇ 33ಕ್ಕೆ, ಅದಕ್ಕಿಂತ ಮುಂಚಿನ ಬೇಜವಾಬ್ದಾರಿ ಇಪ್ಪತ್ತುಗಳಿಗೆ 'ಟ್ವೀನ್ಸ್' ಅಂತ ಬೇರೆ ಹೆಸರೇ ಇದೆ, ಅಂದ್ರೆ ಆ ಜನದ ಬದುಕಿಗೆ ತಕ್ಕ ಹಾಗೆ ವಯಸ್ಸಿನ ಪದಾನೂ ಹುಟ್ಟಿದೆ. ನಮ್ಮ 'ಹದಿಹರೆಯ'ದ ಹದಿ ಹದಿಮೂರು ಹದಿನಾಲ್ಕರಿಂದ ಬಂದಿದ್ದು, ಅದೇ ಲೆಕ್ಕದಲ್ಲಿ ಇಪ್ಪತ್ತರವರಿಗೆ 'ಇಪ್ಪಹರೆಯ' ಅನ್ನೋಣ ಅಂದೆ, ಮನೆಯಲ್ಲಿ ನಗಾಡಿದ್ರು.

ಆದ್ರೆ ನಿಜವಾದ ಕಷ್ಟ ಇದ್ಯಾವುದೂ ಅಲ್ಲ, ಕರೆಯೋದು. ಅವತ್ತು ಚಪ್ಪರದಲ್ಲಿ ಅವರೇ ಕೇಳಿದ್ದು, 'ಅವ್ಳು ಈಗ ಅವ್ನಿಗೆ ಎಂತ ಅಂತ ಕರೀತಾಳೆ?' ಇಂಗ್ಲಿಷಲ್ಲಿ ಬರೆಯೋರಿಗೆ ಈ ತಾಪತ್ರಯ ಇಲ್ಲ, 'ಯೂ' ಅಂದ್ರೆ ಆಯ್ತು, ಗುಟ್ಟು ಹತ್ತನೇ ಅಧ್ಯಾಯದವರೆಗೂ ಮುಚ್ಚಿಡಬಹುದು. ಕನ್ನಡದಲ್ಲಿ ಬಾಯಿಬಿಟ್ಟು 'ಬಾ' ಅಂದ್ರೋ 'ಬನ್ನಿ' ಅಂದ್ರೋ ಅಲ್ಲಿಗೆ ಮುಗೀತು, ಯಾರು ಹಿರಿಯರು ಅಂತ ಗೊತ್ತಾಗಿಹೋಗತ್ತೆ.

ಅವ್ನು ಅವಳನ್ನ ಕರೆಯೋದು ಹೇಗೋ ಬಗೆಹರೀತು. ಶಿಕಾರಿಪುರದ ಹತ್ರ ಉಡುತಡಿ ಇದೆಯಲ್ಲ, ಅಕ್ಕಮಹಾದೇವಿ ಊರು, ಅವಳಿಗೆ ಶರಣರೆಲ್ಲ 'ಅಕ್ಕ' ಅಂದಿದ್ದು ಪ್ರಾಯ ನೋಡಿ ಅಲ್ಲ. ಅಲ್ಲಮ ಅವಳನ್ನ ಕೇಳೋ ವಚನ ನೋಡಿ, 'ಉದಮದದ ಯೌವನವನೊಳಕೊಂಡ ಸತಿ, ನೀನು ಇತ್ತಲೇಕೆ ಬಂದೆಯವ್ವಾ' ಅಂತ. ಒಂದೇ ಉಸಿರಲ್ಲಿ ಯೌವನ, ಅದ್ರ ಹಿಂದೆನೇ 'ಅವ್ವಾ'. ನಮ್ಮ ಮನೆಗಳಲ್ಲೂ ಅಜ್ಜ ಮೊಮ್ಮಗಳಿಗೆ 'ಬಾರಮ್ಮ' ಅನ್ನಲ್ವಾ, ಗಂಡುಮಗುಗೆ ಅಪ್ಪಿ ಅಂತೀವಿ, ಅದ್ರಲ್ಲೂ ಅಪ್ಪ ಇದಾನೆ. ಮುದ್ದಿಗೆ ನಾವು ಸಂಬಂಧಾನೇ ತಲೆಕೆಳಗು ಮಾಡ್ತೀವಿ. ಹಂಗಾಗಿ ಎಪ್ಪತ್ತರ ಮುದುಕ ಬಸ್‌ಸ್ಟ್ಯಾಂಡಲ್ಲಿ ಅವಳಿಗೆ 'ಬಾರಮ್ಮ' ಅಂದ್ರೆ ಪಕ್ಕದವರಿಗೆ ಮೊಮ್ಮಗಳ ಮುದ್ದು ಕೇಳತ್ತೆ, ಅವ್ನು ಹೇಳಿದ್ದು ಮಾತ್ರ ಅಮ್ಮ ಅಂತಾನೆ.

ಅವಳ ಕಡೆಯಿಂದ ಮಾತ್ರ ದಾರಿ ಕಾಣ್ತಾ ಇಲ್ಲ. ಇಪ್ಪತ್ತರ ಮುಖ ಇಟ್ಕೊಂಡು ನಾಲ್ಕು ಜನರ ಎದುರು ಎಪ್ಪತ್ತರವನಿಗೆ 'ಅಪ್ಪಿ' ಅನ್ನಕ್ಕೆ ಆಗಲ್ಲ, 'ಬಾರಪ್ಪ' ಅಂದ್ರೆ ಸೊಕ್ಕಿನ ಹುಡುಗಿ ಅಂತಾರೆ. ನಾನು 'ಅಜ್ಜಯ್ಯ' ಅಂತ ಬರೆದೆ. ಚಪ್ಪರದಲ್ಲಿ ಓದಿ ಹೇಳಿದ್ರೆ ಅದೇ ಅಮ್ಮ ಕತ್ತಿ ನಿಲ್ಸಿ 'ಅಯ್ಯೋ, ಹಂಗನ್ಸಬೇಡಿ ಮಾರಾಯ್ತಿ, ಇಷ್ಟು ವರ್ಷ ಅವ್ಳ ಪಾಲಿಗೆ ಹುಡ್ಗನಾಗಿದ್ದ, ಅವ್ಳು ಅಜ್ಜಯ್ಯ ಅಂದ ದಿನಾನೇ ಮುದ್ಕ ಆಗ್ತಾನೆ' ಅಂದ್ರು. ಆಮೇಲೆ ಆ ಪುಟ ಮುಟ್ಟಕ್ಕೆ ಆಗಿಲ್ಲ.

ಅದಕ್ಕೇ ಕೇಳ್ತಿರೋದು: ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯವರು ಯಾರಾದ್ರೂ ಇದ್ರೆ ಹೇಳಿ, ವಯಸ್ಸನ್ನ ಎತ್ತದೇನೆ ಒಬ್ಬ ಗಂಡಸನ್ನ ಕರೆಯೋ ಪದ ನಿಮ್ಮಲ್ಲಿ ಇದೆಯಾ, 'ಹೋಯ್' ಬಿಟ್ಟು?