ಸಹಾಯ ಬೇಕು: ನಾಯಿ ತನ್ನ ಹೇಲನ್ನೇ ತಿನ್ನುತ್ತಿದೆ, ಬಿಡಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವಿರೋದು ಧಾರವಾಡದ ಸಪ್ತಾಪುರದಲ್ಲಿ. ಮನೆಯಲ್ಲೊಂದು ಮುಧೋಳ ನಾಯಿ ಇದೆ, ಹೆಣ್ಣು, ಇನ್ನೂ ವರ್ಷ ತುಂಬಿಲ್ಲ. ಊಟ, ಆಟ ಎಲ್ಲಾ ಚೆನ್ನಾಗಿದೆ. ಆದರೆ ತಾನು ಹಾಕಿದ್ದನ್ನು ತಾನೇ ತಿನ್ನುತ್ತಾಳೆ. ನಾನು ಕಸಬರಿಗೆ ತರುವಷ್ಟರಲ್ಲಿ ಹಿತ್ತಲು ಸ್ವಚ್ಛ! ಆಮೇಲೆ ಬಂದು ಮಕ್ಕಳ ಮುಖ ನೆಕ್ಕುತ್ತಾಳೆ. ವಾಕಿಂಗ್ ಹೋದರೆ ಸಗಣಿ, ಬೆಕ್ಕಿನದು, ಬೀದಿನಾಯಿಯದು, ಯಾವುದನ್ನೂ ಬಿಡಲ್ಲ.

ಬೈದರೆ ಇನ್ನೂ ಗಡಿಬಿಡಿಯಲ್ಲಿ ನುಂಗುತ್ತಾಳೆ, ಹಾಗಾಗಿ ಬೈಯೋದಿಲ್ಲ. ತಾಯಿನಾಯಿ ಮರಿಗಳದ್ದನ್ನು ತಿಂದು ಜಾಗ ಚೊಕ್ಕ ಇಡೋದು ಸಹಜ, ಮರಿಗಳಿಗೂ ಈ ಚಟ ಇರುತ್ತೆ ಅಂತ ಗೊತ್ತು. ಆದರೆ ಬೇರೆ ನಾಯಿಯದ್ದನ್ನು ತಿಂದರೆ ಜಂತುಹುಳು, ಪಾರ್ವೊ (ನಾಯಿಗಳಿಗೆ ವಾಂತಿಭೇದಿ ತರುವ ವೈರಸ್) ಅಂಟಬಹುದಲ್ವಾ? ಲಸಿಕೆ, ಜಂತಿನ ಔಷಧಿ ಆಗಿವೆ. ಮಲ ಪರೀಕ್ಷೆ ಮಾಡಿಸಬೇಕು. ಮೇದೋಜೀರಕ ಗ್ರಂಥಿ ಸರಿ ಇಲ್ಲದಿದ್ದರೂ ಹೀಗಾಗುತ್ತೆ, ಆದರೆ ಆಗ ನಾಯಿ ಸೊರಗುತ್ತೆ. ಮುಧೋಳ ತಳಿಯೇ ಸಣಕಲು, ಸೊರಗಿದ್ದು ಹೇಗೆ ತಿಳೀಬೇಕು ಹೇಳಿ!

ಊಟಕ್ಕೆ ಅನಾನಸ್ ಹಾಕಿ ಅಂತ ಓಣಿಯವರೆಲ್ಲ ಹೇಳಿದರು. ಅನಾನಸ್ಸನ್ನೂ ಖುಷಿಯಿಂದ ತಿಂದಳು, ಆಮೇಲೆ ಅದನ್ನೂ ತಿಂದಳು. ಹೇಲಿನ ಮೇಲೆ ಖಾರದ ಪುಡಿ ಉದುರಿಸಿ ಅನ್ನುವವರೂ ಇದ್ದಾರೆ, ಅದೊಂದು ನಾನು ಮಾಡಲ್ಲ.

‘ಬಿಡು’ ಅಂದರೆ ಬಿಡುವ ಹಾಗೆ ಕಲಿಸಿದವರು ಯಾರಾದರೂ ಇದ್ದೀರಾ? ಸುಮ್ನೆ ಬಿಸ್ಕತ್ತು ತೋರಿಸಿದರೆ ಇವಳು ತಿರುಗಿಯೂ ನೋಡಲ್ಲ. ಬುಟ್ಟಿಯಂಥ ಬಾಯಿಕುಕ್ಕೆ ಹಾಕಿದರೆ ಬಿಸಿಲಲ್ಲಿ ಏದುಸಿರು ಬಿಡೋಕೆ ತೊಂದರೆ ಆಗುತ್ತಾ? ಗದಗಿನ ಪಶುವೈದ್ಯಕೀಯ ಕಾಲೇಜಿನಲ್ಲಿ ತೋರಿಸಿದವರಿದ್ದರೆ, ಯಾವ ಹೊತ್ತಿಗೆ ಹೋದರೆ ಒಳ್ಳೇದು ಅಂತಲೂ ತಿಳಿಸಿ.