ತುಕ್ಕು ಹಿಡಿದು ಕಚ್ಚಿಕೊಂಡ ಸೈಲೆನ್ಸರ್ ನಟ್ಟುಗಳನ್ನು ಮನೆಯಲ್ಲೇ ಬಿಚ್ಚುವುದು ಹೇಗೆ?

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ)

ಎಲ್ಲರಿಗೂ ನಮಸ್ಕಾರ. ನನ್ನಲ್ಲಿ 2005ರ ಮಾರುತಿ 800 ಇದೆ. ತಂದೆಯವರು ಕೊಂಡ ಗಾಡಿಯಾದುದರಿಂದ ಮಾರುವ ಮನಸ್ಸಿಲ್ಲ; ಬಿಡುವಿದ್ದಾಗ ಅಂಗಳದಲ್ಲೇ ಒಂದೊಂದು ಭಾಗವನ್ನು ಬಿಚ್ಚಿ ಸರಿಪಡಿಸುತ್ತಿದ್ದೇನೆ. ಸೈಲೆನ್ಸರಿನ ಡಬ್ಬಿ ಅಡಿಯಲ್ಲಿ ತೂತು ಬಿದ್ದಿರುವುದರಿಂದ ಅದನ್ನೂ ಅದಕ್ಕೆ ಸೇರಿದ ಪೈಪನ್ನೂ ತೆಗೆದು, ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿಸಿದ ತುಸು ಅಗಲದ ಪೈಪನ್ನು ಕೂಡಿಸಬೇಕೆಂದಿದ್ದೇನೆ. ಆದರೆ ಮ್ಯಾನಿಫೋಲ್ಡಿಗೆ (ಇಂಜಿನಿನ ಹೊಗೆಯನ್ನು ಒಟ್ಟುಗೂಡಿಸುವ ಭಾಗಕ್ಕೆ) ಪೈಪ್ ಸೇರುವ ಕಡೆಯ ನಟ್ಟುಗಳಲ್ಲಿ ಎರಡು ಅಲುಗುತ್ತಲೇ ಇಲ್ಲ. ರಿಂಗ್ ಸ್ಪ್ಯಾನರ್ ಜಾರಿ ಒಂದರ ಮೂಲೆಗಳು ಸವೆದುಹೋಗಿವೆ. ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಕೂಡ ಕಚ್ಚಿಕೊಂಡಿದೆ. ನೆರೆಯವರ ಮಾತಿನಂತೆ ಎರಡು ದಿನ ತೆಂಗಿನೆಣ್ಣೆ ಬಿಟ್ಟು ನೋಡಿದೆ, ಫಲ ಕಾಣಲಿಲ್ಲ. ಇನ್ನೂ ಬಲ ಹಾಕಿದರೆ ಸ್ಟಡ್ (ನಟ್ಟು ಕೂರುವ, ತಲೆಯಿಲ್ಲದ ಬೋಲ್ಟು) ಮುರಿದೀತೆಂಬ ಭಯದಿಂದ ನಿಲ್ಲಿಸಿದ್ದೇನೆ. ಅನುಭವವುಳ್ಳವರು ದಾರಿ ತೋರಿಸಬೇಕು.

ಉತ್ತರ 1 (ಕುಂಬಳೆ, ಗ್ಯಾರೇಜಿನಲ್ಲಿ ದುಡಿಯುವವನು)

ನೀವು ನಿಲ್ಲಿಸಿದ್ದು ಒಳ್ಳೆಯದಾಯಿತು. ಯಾವುದು ಉಳಿಯಬೇಕು, ಯಾವುದು ಗುಜರಿಗೆ ಹೋಗುತ್ತದೆ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಿ. ತೂತು ಬಿದ್ದ ಡಬ್ಬಿಯನ್ನೂ ಅದರ ಪೈಪನ್ನೂ ಹೇಗೂ ಎಸೆಯುವುದಾದರೆ ಅವುಗಳ ಜೋಡಣೆಯನ್ನು ಬಿಚ್ಚಲು ದಿನಗಟ್ಟಲೆ ಒದ್ದಾಡುವ ಅಗತ್ಯವಿಲ್ಲ. ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು ತೆಗೆಯಿರಿ. ಪೆಟ್ರೋಲ್ ಟ್ಯಾಂಕ್ ಹತ್ತಿರವಿರುವ ಕಡೆ ಕಿಡಿ ಹಾರಿಸುವ ಗ್ರೈಂಡರನ್ನು ಮಾತ್ರ ಬಳಸಬೇಡಿ. ತೂಗುವ ರಬ್ಬರುಗಳಿಗೆ ಸಾಬೂನು ನೀರು ಹಚ್ಚಿದರೆ ಅವು ಸುಲಭವಾಗಿ ಜಾರಿ ಬರುತ್ತವೆ. ನಿಮ್ಮ ತಾಳ್ಮೆಯೆಲ್ಲ ಮ್ಯಾನಿಫೋಲ್ಡ್, ಸ್ಟಡ್, ಸೆನ್ಸರ್ ಈ ಮೂರಕ್ಕೇ ಮೀಸಲಾಗಿರಲಿ.

ತೆಂಗಿನೆಣ್ಣೆ ಮಂದವಾದುದು, ತುಕ್ಕಿನ ಸಂದಿಗೆ ಇಳಿಯುವುದಿಲ್ಲ. ಬಿಸಿ ತಾಗಿದಾಗ ಅಂಟಾಗಿ ಕರಿಕಟ್ಟುತ್ತದೆ. ತುಕ್ಕು ಬಿಡಿಸಲೆಂದೇ ಡಬ್ಬಿಯಲ್ಲಿ ಸಿಗುವ ಸ್ಪ್ರೇ ಒಳ್ಳೆಯದು. ಅದಿಲ್ಲದಿದ್ದರೆ ನಮ್ಮ ಹಿರಿಯ ಮೇಸ್ತ್ರಿಗಳು ಬಳಸುತ್ತಿದ್ದ, ಚಿಮಿಣಿ ಎಣ್ಣೆಗೆ (ಸೀಮೆಎಣ್ಣೆಗೆ) ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿದ ಮಿಶ್ರಣವೂ ಆಗುತ್ತದೆ. ಎಣ್ಣೆ ಬಿಡುವ ಮೊದಲು ನಟ್ಟಿನಿಂದ ಹೊರಗೆ ಕಾಣುವ ಸ್ಟಡ್ಡಿನ ಮರೆಗಳನ್ನು (ಸುರುಳಿ ಗೆರೆಗಳನ್ನು) ತಂತಿ ಬ್ರಷ್ಷಿನಿಂದ ಚೆನ್ನಾಗಿ ಉಜ್ಜಬೇಕು. ಬಿಚ್ಚುವಾಗ ನಟ್ಟು ಸಾಗಬೇಕಾದದ್ದು ಆ ಮರೆಗಳ ಮೇಲೆಯೇ, ಅಲ್ಲಿನ ತುಕ್ಕೇ ಅದನ್ನು ನಡುದಾರಿಯಲ್ಲಿ ಹಿಡಿದು ಸ್ಟಡ್ಡನ್ನು ತಿರುಚಿ ಮುರಿಯುತ್ತದೆ. ಮೂರು ದಿನ ಬೆಳಗ್ಗೆ ಸಂಜೆ ಎಣ್ಣೆ ಬಿಟ್ಟು, ಪ್ರತಿ ಸಲವೂ ನಟ್ಟಿನ ಮೇಲೆ ಸಣ್ಣ ಸುತ್ತಿಗೆಯಿಂದ ನಾಲ್ಕಾರು ಬಾರಿ ಮೆಲ್ಲಗೆ ತಟ್ಟಿ. ಕಾದ ಪೈಪಿಗೆ ಎಂದೂ ಎಣ್ಣೆ ಬಿಡಬೇಡಿ, ಹೊತ್ತಿಕೊಳ್ಳುತ್ತದೆ.

ಅನಂತರ ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರನ್ನು ಬಿಟ್ಟು ಆರು ಮೂಲೆಯ ಬಾಕ್ಸ್ ಸ್ಪ್ಯಾನರನ್ನೇ ಬಳಸಿ. ನಿಮ್ಮ ನಟ್ಟಿನ ಮೂಲೆ ಸವೆದದ್ದು ಬಹುಶಃ ರಿಂಗ್ ಸ್ಪ್ಯಾನರಿನ ಹಿಡಿತ ಮೂಲೆಗಳ ಮೇಲಷ್ಟೇ ಇದ್ದುದರಿಂದ. ಸವೆದ ನಟ್ಟಿಗೆ ಒಂದು ಅಳತೆ ಚಿಕ್ಕದಾದ ಬಾಕ್ಸನ್ನು ಸುತ್ತಿಗೆಯಿಂದ ಬಡಿದು ಕೂರಿಸಬಹುದು. ಮೊದಲು ಕೂದಲೆಳೆಯಷ್ಟು ಬಿಗಿಸುವ ಕಡೆಗೆ ತಿರುಗಿಸಿ, ಆಮೇಲೆ ಸಡಿಲಿಸಿ. ಕಾಲು ಸುತ್ತು ಬಂದ ಬಳಿಕ ಕಿರ್ರೆಂದರೆ ಹಿಂದಕ್ಕೆ ತಿರುಗಿಸಿ, ಎಣ್ಣೆ ಬಿಟ್ಟು, ಮತ್ತೆ ಮುಂದುವರಿಯಿರಿ. ಒಂದೇ ಉಸಿರಿಗೆ ಬಿಚ್ಚಲು ಹೊರಟವರ ಕೈಯಲ್ಲೇ ಹೆಚ್ಚು ಸ್ಟಡ್ಡುಗಳು ಮುರಿದದ್ದನ್ನು ನಾನು ಕಂಡಿದ್ದೇನೆ.

ಸೆನ್ಸರಿಗೆ ತಂತಿ ಹಾಯಲು ಸೀಳಿರುವ 22 ಮಿಲಿಮೀಟರಿನ ಬಾಕ್ಸ್ ಸಿಗುತ್ತದೆ. ಇಂಜಿನನ್ನು ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ, ಪೈಪ್ ಬೆಚ್ಚಗಿರುವಾಗ ಕೈಗವಸು ಹಾಕಿ ತಿರುಗಿಸಿ. ಅದರ ತುದಿಗೆ ಎಣ್ಣೆ ತಾಗದಿರಲಿ.

ಉತ್ತರ 2 (ಮಂಜೇಶ್ವರ, ನಿವೃತ್ತ ವಿಜ್ಞಾನ ಶಿಕ್ಷಕ)

ಮೇಲಿನವರ ಮಾತಿಗೆ ಎರಡು ವಿಷಯಗಳನ್ನು ಸೇರಿಸುತ್ತೇನೆ. ನಮ್ಮ ಕರಾವಳಿಯ ಉಪ್ಪುಗಾಳಿ ಮತ್ತು ಮಳೆಗಾಲ ಹೊರಗಿನ ತುಕ್ಕಿಗೆ ಕಾರಣವೇ ಹೌದು, ಆದರೆ ನಿಮ್ಮ ಡಬ್ಬಿ ಅಡಿಯಲ್ಲೇ ತೂತು ಬಿದ್ದಿರುವುದನ್ನು ನೋಡಿದರೆ ಅದು ಒಳಗಿನಿಂದ ತಿಂದುಹೋದಂತಿದೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಪೇಟೆಗೆ ಹೋಗಿ ಬರುವಷ್ಟೇ ಓಡುವ ಗಾಡಿಯಲ್ಲಿ ಡಬ್ಬಿ ಪೂರ್ತಿ ಕಾಯುವುದಿಲ್ಲ. ಆವಿ ತಣಿದು ನೀರಾಗಿ ಅಲ್ಲೇ ತಂಗುತ್ತದೆ.

ಎರಡನೆಯದು ಕಾಯಿಸುವುದು. ಎಣ್ಣೆಗೆ ಬಗ್ಗದ ನಟ್ಟು ಬಿಸಿಗೆ ಬಗ್ಗುತ್ತದೆ. 8 ಮಿಲಿಮೀಟರ್ ಸ್ಟಡ್ಡಿನ ನಟ್ಟನ್ನು ಮಾತ್ರ 300 ಡಿಗ್ರಿಯಷ್ಟು ಕಾಯಿಸಿದರೆ ಅದರ ತೂತು ಸುಮಾರು 0.03 ಮಿಲಿಮೀಟರ್ ಹಿಗ್ಗುತ್ತದೆ. ಕೂದಲೆಳೆಯ ಅರ್ಧದಷ್ಟೂ ಇಲ್ಲದ ಈ ಅಂತರ ತುಕ್ಕಿನ ಹಿಡಿತವನ್ನು ಒಡೆಯಲು ಸಾಕು. ಉರಿ ನಟ್ಟಿಗೆ ತಾಗಬೇಕೇ ಹೊರತು ಸ್ಟಡ್ಡಿಗಲ್ಲ. ಆದರೆ ಎಣ್ಣೆ ಬಿಟ್ಟ ಜಾಗವನ್ನು ಒರಸಿ ಒಣಗಿಸದೆ, ಪೆಟ್ರೋಲ್ ಪೈಪ್, ಬ್ರೇಕ್ ಪೈಪ್, ತಂತಿಗಳಿಗೆ ತಗಡಿನ ಮರೆ ಕೊಡದೆ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಿಸಿಕೊಳ್ಳದೆ ಈ ಕೆಲಸಕ್ಕೆ ಇಳಿಯಬಾರದು. ಬ್ರೇಕ್ ಕ್ಲೀನರ್ ಸ್ಪ್ರೇಯಿಂದ ತೊಳೆದ ಭಾಗವನ್ನು ಕಾಯಿಸಲೇಬೇಡಿ. ಅಂಥ ಕೆಲವು ಸ್ಪ್ರೇಗಳಲ್ಲಿ ಕ್ಲೋರಿನ್ ಸೇರಿದ ದ್ರಾವಕವಿದ್ದು, ಉರಿ ತಾಗಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ಅಂಗಳದಲ್ಲಿ ಕೆಲಸ ಎಂದಿದ್ದೀರಿ. ಮಳೆ ನೆನೆದ ಮಣ್ಣಿನಲ್ಲಿ ಜಾಕ್ ಹೂತುಹೋಗುತ್ತದೆ. ದಪ್ಪ ಹಲಗೆ ಹಾಸಿ, ಜಾಕ್ ಸ್ಟ್ಯಾಂಡುಗಳ ಮೇಲೆ ಗಾಡಿಯನ್ನು ಕೂರಿಸಿ, ಚಕ್ರಗಳಿಗೆ ತಡೆ ಕೊಟ್ಟ ಮೇಲಷ್ಟೇ ಅಡಿಗೆ ಹೋಗಿ. ಕೆಂಪುಕಲ್ಲನ್ನು ಆಧಾರವಾಗಿ ಇಡುವುದನ್ನು ನಾನು ಕಂಡಿದ್ದೇನೆ. ಭಾರ ಬಿದ್ದಾಗ ಅದು ಒಡೆಯುತ್ತದೆ, ದಯವಿಟ್ಟು ಇಡಬೇಡಿ.

ಉತ್ತರ 3 (ಕಾಞಂಗಾಡಿನಿಂದ)

ಅಗಲದ ಪೈಪಿನ ಬಗ್ಗೆ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾದ ಬದಲಾವಣೆಯನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಇದನ್ನು ಸ್ಪಷ್ಟಪಡಿಸಿತು. 15 ವರ್ಷ ದಾಟಿದ ನಿಮ್ಮ ಗಾಡಿಯನ್ನು ನೋಂದಣಿ ನವೀಕರಣಕ್ಕಾಗಿ ತಪಾಸಣೆಗೆ ಒಯ್ಯಲೇಬೇಕಾಗುತ್ತದೆ. 796 ಸಿಸಿಯ ಇಂಜಿನಿಗೆ ಅಗಲದ ಪೈಪಿನಿಂದ ಸದ್ದು ಹೆಚ್ಚುವುದೇ ಹೊರತು ಎಳೆತ ಹೆಚ್ಚುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಇರಲಿ, ಅಳತೆಯನ್ನೂ ಡಬ್ಬಿಯನ್ನೂ ಮೂಲದಂತೆಯೇ ಇರಿಸಿ. ಹೊಗೆಯ ವಿಷಾಂಶವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಮುಟ್ಟಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಮೂಲ ಅಳತೆಯನ್ನೇ ಉಳಿಸಿಕೊಳ್ಳುತ್ತೇನೆ. ನಾಲ್ಕು ದಿನ ಎಣ್ಣೆ ಬಿಟ್ಟ ಮೇಲೆ ಒಂದು ನಟ್ಟು ಬಂತು, ಸೆನ್ಸರೂ ಬಂತು. ಮೂಲೆ ಸವೆದಿದ್ದ ನಟ್ಟು ಮಾತ್ರ ಸ್ಟಡ್ಡಿನ ತುದಿಯನ್ನೇ ಮುರಿದುಕೊಂಡು ಬಂದಿದೆ. ಬೆರಳ ಅಗಲದಷ್ಟು ಮೋಟು ಉಳಿದಿದೆ. ಮುಂದೇನು ಮಾಡಲಿ?

ಉತ್ತರ 1ರವರು

ಮೋಟು ಹೊರಗೆ ಉಳಿದಿರುವುದರಿಂದ ಧೈರ್ಯವಾಗಿರಿ. ಅದರ ಮೇಲೆ ಹೊಸ ನಟ್ಟನ್ನಿಟ್ಟು ನಟ್ಟಿನ ತೂತಿನ ಒಳಗಿನಿಂದ ವೆಲ್ಡ್ ಮಾಡಿಸಿ. ವೆಲ್ಡಿನ ಬಿಸಿಗೆ ಹಿಗ್ಗಿದ ಸ್ಟಡ್ ತಣಿಯುವಾಗ ಕುಗ್ಗಿ ತುಕ್ಕಿನ ಹಿಡಿತದಿಂದ ಕಳಚಿಕೊಳ್ಳುತ್ತದೆ. ಕೆಂಪು ಆರಿದ ಮೇಲೆ, ಇನ್ನೂ ಬಿಸಿಯಿರುವಾಗಲೇ ಮುಂದಕ್ಕೂ ಹಿಂದಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸಿ ತೆಗೆಯಬೇಕು. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಲು ಮರೆಯಬೇಡಿ, ಇಲ್ಲವಾದರೆ ಗಾಡಿಯ ಇಂಜಿನ್ ಕಂಪ್ಯೂಟರ್ ಹಾಳಾದೀತು. ಸತು ಲೇಪಿಸಿದ ನಟ್ಟು ಬೇಡ, ಅದರ ಹೊಗೆ ಒಳ್ಳೆಯದಲ್ಲ. ವೆಲ್ಡಿಗೂ ಬಗ್ಗದಿದ್ದರೆ ಸ್ಟಡ್ಡಿನ ಸರಿಮಧ್ಯದಲ್ಲಿ ಪಂಚ್ ಹೊಡೆದು, 6.8 ಮಿಲಿಮೀಟರ್ ಡ್ರಿಲ್ ಹಾಕಿ, 8 ಮಿಲಿಮೀಟರಿನ ಟ್ಯಾಪಿನಿಂದ (ಮರೆ ಕೊರೆಯುವ ಉಪಕರಣದಿಂದ) ಹೊಸ ಮರೆ ಕೊರೆಯಬೇಕಾಗುತ್ತದೆ. ಅದನ್ನು ಲೇತ್ ಅಂಗಡಿಗೆ ಬಿಟ್ಟರೆ ಕ್ಷೇಮ.

ಮರಳಿ ಜೋಡಿಸುವಾಗ ಹೊಸ ಗ್ಯಾಸ್ಕೆಟ್, ಹೊಸ ಸ್ಟಡ್, ಹಿತ್ತಾಳೆಯ ನಟ್ಟು ಹಾಕಿ. ಹಿತ್ತಾಳೆ ಉಕ್ಕಿನ ಮೇಲೆ ತುಕ್ಕು ಹಿಡಿದು ಕಚ್ಚುವುದಿಲ್ಲ. ಮರೆಗಳಿಗೆ ತಾಮ್ರದ ಗ್ರೀಸನ್ನು ತೆಳ್ಳಗೆ ಸವರಿ. ಒಂದೆರಡು ಬಾರಿ ಗಾಡಿ ಓಡಿ ತಣ್ಣಗಾದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು ನೋಡಿ.